ಕೂತುಹೋದ ಬಿರಡೆ

“ಮೇಷ್ಟ್ರೇ, ಜೋರಾಗಿ ಕೂಗಿದರೆ ಈ ಪೆಟ್ಟಿಗೆ ಮಾತಾಡುತ್ತದೆ. ಮೆಲ್ಲಗೆ ಹೇಳಿದರೆ ಯಾಕೆ ಸುಮ್ಮನಿರುತ್ತದೆ?”

ಓಬಳೇಶ ಇಷ್ಟು ಕೇಳಿ ಪೆಟ್ಟಿಗೆಯನ್ನು ಪಾಲಾಕ್ಷ ಮೇಷ್ಟ್ರ ಮುಂದಿಟ್ಟ. ಇಟ್ಟ ಮೇಲೂ ಅದರ ಮೇಲಿನ ಕೈ ತೆಗೆಯಲು ಅವನಿಗೆ ಮನಸ್ಸು ಬರಲಿಲ್ಲ.

ಪಾಲಾಕ್ಷ ಮೇಷ್ಟ್ರು ರೇಡಿಯೋ ರಿಪೇರಿ ಕಲಿಸುವವರು. ಸಂತೆ ಮೈದಾನದ ಹಿಂದೆ ಒಂದು ತಗಡಿನ ಶೆಡ್ಡು ಇದೆ. ಅದೇ ಅವರ ಅಂಗಡಿ, ಅದೇ ಅವರ ಪಾಠಶಾಲೆ. ಕಲಿಯಲು ಬಂದವರು ಗೋಣಿಚೀಲದ ಮೇಲೆ ಕೂರಬೇಕು. ಕೇಳಿದ್ದಕ್ಕೆ ಉತ್ತರ ಬೇಕಾದರೆ ಕಾಯಬೇಕು. ಮೇಷ್ಟ್ರದು ಮೊದಲೇ ಮುಂಗೋಪ. ಬೆಸುಗೆ ಕೆಟ್ಟರೆ ಬೈಯುತ್ತಾರೆ. ಬೆಸುಗೆ ಚೆನ್ನಾಗಿದ್ದು ತಲೆ ಓಡಿಸದಿದ್ದರೆ ಇನ್ನೂ ಜಾಸ್ತಿ ಬೈಯುತ್ತಾರೆ. ಓಬಳೇಶ ಅವರ ಹತ್ತಿರ ಬೈಸಿಕೊಂಡೇ ಕಲಿತವನು. ಈಗ ಬಸ್ ನಿಲ್ದಾಣದ ಪಕ್ಕ ಸ್ವಂತ ಅಂಗಡಿ ಇಟ್ಟುಕೊಂಡಿದ್ದಾನೆ. ಇವತ್ತೂ ಮೇಷ್ಟ್ರು ಬೈದುಬಿಡಲಿ ಎಂದೇ ಅವನು ಬಂದಿದ್ದ. ಬೈಸಿಕೊಂಡರೆ ಎದೆಯ ಭಾರ ಸ್ವಲ್ಪವಾದರೂ ಇಳಿದೀತು ಎಂಬ ಆಸೆ.

ಮೇಷ್ಟ್ರು ಬೈಯಲಿಲ್ಲ. ಆ ಪೆಟ್ಟಿಗೆ ಯಾರಿಗಾಗಿ ಮಾಡಿದ್ದು ಎಂದು ಅವರಿಗೆ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು.

ಓಬಳೇಶನ ಹೆಂಡತಿ ಹೊನ್ನೂರಮ್ಮ ಮೊಸರು ಮಾರುವವಳು. ಅವಳು ಬೀದಿಯ ಆ ತುದಿಯಲ್ಲಿ ಕೂಗಿದರೆ ಈ ತುದಿಯ ಹೆಂಗಸರು ಪಾತ್ರೆ ತೊಳೆದಿಟ್ಟುಕೊಳ್ಳುತ್ತಿದ್ದರು. ಅಂಥ ಗಂಟಲು. ಆ ಗಂಟಲಲ್ಲೇ ಗಡ್ಡೆ ಎದ್ದಿತು. ದನಿ ಮೊದಲು ಒಡೆಯಿತು, ಆಮೇಲೆ ಸಣ್ಣಗಾಯಿತು, ಕೊನೆಗೆ ಬರೀ ಉಸಿರಾಯಿತು. ದೊಡ್ಡಾಸ್ಪತ್ರೆಯ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಆಪರೇಷನ್ ಮಾಡಿದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು. ಏನಾದರೂ ಹೇಳುವುದು ಕೇಳುವುದು ಇದ್ದರೆ ಅಷ್ಟರೊಳಗೆ ಮುಗಿಸಿಕೊಳ್ಳಿ ಎಂದೂ ಹೇಳಿದರು.

ಹೊನ್ನೂರಮ್ಮನಿಗೆ ಹೇಳುವುದಿತ್ತು. ಏನೆಂದು ಯಾರಿಗೂ ಗೊತ್ತಿಲ್ಲ. ಗಂಡನ ಹತ್ತಿರ ಹೇಳಬೇಕು ಎಂದು ಕೈಸನ್ನೆ ಮಾಡಿ ತೋರಿಸಿದ್ದಳು, ಅಷ್ಟೆ. ಅವಳಿಗೆ ಓದು ಬರಹ ಬಾರದು.

ಓಬಳೇಶ ಸುಮ್ಮನೆ ಕೂರುವ ಗಂಡಸಲ್ಲ. ಕೈಯಲ್ಲಿ ವಿದ್ಯೆ ಇದೆ, ಹೆಂಡತಿಯ ದನಿ ಸಣ್ಣಗಾಗಿದೆ. ಸಣ್ಣ ದನಿಯನ್ನು ದೊಡ್ಡದು ಮಾಡುವುದಕ್ಕಿಂತ ಬೇರೆ ಯಾವ ವಿದ್ಯೆ ಅವನಿಗೆ ಬರುತ್ತಿತ್ತು? ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು ಕೂತ. ಮೈಕು ತಂದ, ಟ್ರಾನ್ಸಿಸ್ಟರ್ ಆರಿಸಿದ, ಕೊರಳಿಗೆ ನೇತುಹಾಕುವಷ್ಟು ಹಗುರಾದ ಪೆಟ್ಟಿಗೆ ಮಾಡಿದ. ಅವನು ಕೆಲಸದಲ್ಲಿ ಮುಳುಗಿದ್ದಾಗ ಹೊನ್ನೂರಮ್ಮ ಹತ್ತಿರ ಬಂದು ಅಂಗಿ ಹಿಡಿದು ಎಳೆಯುತ್ತಿದ್ದಳು. ತುಟಿ ಅಲ್ಲಾಡಿಸುತ್ತಿದ್ದಳು. ಅವನು ಬೆಸುಗೆಯಿಂದ ಕಣ್ಣು ಎತ್ತದೆ, “ಸುಮ್ಮನಿರೇ, ಇರೋ ದನೀನ ಖರ್ಚು ಮಾಡಬೇಡ. ಉಳಿಸಿಕೋ. ಪೆಟ್ಟಿಗೆ ಆಗಲಿ, ಬೀದಿಗೆಲ್ಲ ಕೇಳುವ ಹಾಗೆ ಮಾತಾಡುವಿಯಂತೆ” ಎನ್ನುತ್ತಿದ್ದ. ಪ್ರೀತಿಯಿಂದಲೇ ಹೇಳುತ್ತಿದ್ದ. ಅವಳು ಒಳಗೆ ಹೋಗುತ್ತಿದ್ದಳು.

ಆಸ್ಪತ್ರೆಗೆ ಹೊರಡುವ ದಿನ ಪೆಟ್ಟಿಗೆ ಮುಗಿಯಿತು. ಅವನು ಅದರ ಮುಂದೆ ತಾನೇ ಮಾತಾಡಿ ನೋಡಿದ್ದ, ಪೆಟ್ಟಿಗೆ ಗೋಡೆ ಅದುರುವಂತೆ ಹೇಳಿತ್ತು. ಕೊರಳಿಗೆ ಹಾಕಿ, “ಹೇಳೇ ಈಗ” ಎಂದ. ಹೊನ್ನೂರಮ್ಮ ಮೈಕಿಗೆ ತುಟಿ ತಾಗಿಸಿ ಹೇಳಿದಳು. ಪೆಟ್ಟಿಗೆ ಸುಮ್ಮನಿತ್ತು. ಇನ್ನೊಂದು ಸಲ ಹೇಳಿದಳು. ಸುಮ್ಮನಿತ್ತು. ಅವನು ಅವಳ ಕೊರಳಿನಿಂದ ಅದನ್ನು ಕಿತ್ತುಕೊಂಡು, ಸ್ಕ್ರೂ ಬಿಚ್ಚಿ, ತಂತಿಗಳನ್ನು ಒಂದೊಂದೇ ಮುಟ್ಟಿ ನೋಡುತ್ತಿರುವಾಗಲೇ ಬಾಗಿಲಿಗೆ ಗಾಡಿ ಬಂತು.

ಈಗ ಅವಳು ಮನೆಯಲ್ಲಿದ್ದಾಳೆ. ಕೊರಳಲ್ಲಿ ಒಂದು ತೂತು, ತೂತಿಗೊಂದು ನಳಿಗೆ. ಉಸಿರು ಅಲ್ಲಿಂದಲೇ ಹೋಗಿ ಬರುತ್ತದೆ, ಬಾಯಿಯವರೆಗೆ ಬರುವುದಿಲ್ಲ. ಜೀವ ಉಳಿಯಿತು, ಡಾಕ್ಟರು ಹೇಳಿದ್ದು ಸುಳ್ಳಾಗಲಿಲ್ಲ. ಅವತ್ತು ಏನು ಹೇಳಬೇಕೆಂದಿದ್ದೆ ಎಂದು ಓಬಳೇಶ ಕೇಳಿದ. ಅವಳು ತುಟಿ ಅಲ್ಲಾಡಿಸಿದಳು, ಅವನಿಗೆ ತಿಳಿಯಲಿಲ್ಲ. ಮತ್ತೆ ಕೇಳಿದ, ಮತ್ತೆ ತಿಳಿಯಲಿಲ್ಲ. ಆಮೇಲೆ ಅವಳು ಕೈ ಬೀಸಿಬಿಟ್ಟಳು, ಮೊಸರಿನ ಮೇಲೆ ಕೂತ ನೊಣ ಓಡಿಸಿದ ಹಾಗೆ. ಅಂದಿನಿಂದ ತುಟಿಯನ್ನೂ ಅಲ್ಲಾಡಿಸಿಲ್ಲ.

ಇದಕ್ಕೇ ಅವನು ಪೆಟ್ಟಿಗೆ ಎತ್ತಿಕೊಂಡು ಮೇಷ್ಟ್ರ ಹತ್ತಿರ ಬಂದದ್ದು. ತಪ್ಪು ಎಲ್ಲಾಯಿತು ಎಂದು ತಿಳಿಯಬೇಕಿತ್ತು.

ಮೇಷ್ಟ್ರು ಪೆಟ್ಟಿಗೆ ಬಿಚ್ಚಿದರು. ಕನ್ನಡಕ ಮೇಲೇರಿಸಿ, ಕೆಳಗಿಳಿಸಿ, ಬಹಳ ಹೊತ್ತು ನೋಡಿದರು. ಬೆಸುಗೆಗಳು ಮುತ್ತಿನ ಹಾಗಿದ್ದವು. ಮೊದಲನೆಯ ಟ್ರಾನ್ಸಿಸ್ಟರ್ ಸರಿಯಾಗಿತ್ತು. ಎರಡನೆಯದರ ಹತ್ತಿರ ಬಂದಾಗ ಅವರ ಬೆರಳು ನಿಂತಿತು.

“ಇಲ್ಲಿ ಒಂದು ರೆಸಿಸ್ಟರ್ ಇರಬೇಕಿತ್ತಲ್ಲ?”

“ಇತ್ತು ಮೇಷ್ಟ್ರೇ. ನಾನೇ ಕಿತ್ತು ಹಾಕಿದೆ.”

“ಯಾಕೆ?”

“ಯಾರೂ ಮಾತಾಡದೆ ಇದ್ದಾಗಲೂ ಕರೆಂಟು ಎಳೆಯುತ್ತಿತ್ತು. ಟ್ರಾನ್ಸಿಸ್ಟರ್ ಸುಮ್ಮಸುಮ್ಮನೆ ಬೆಚ್ಚಗಾಗುತ್ತಿತ್ತು. ಸೆಲ್ಲು ದಂಡ ಅನ್ನಿಸಿತು.”

ಸೆಲ್ಲು ಉಳಿಸುವುದರಲ್ಲಿ ಓಬಳೇಶ ಎತ್ತಿದ ಕೈ. ಆ ಸೀಮೆಯಲ್ಲಿ ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ರೇಡಿಯೋ ಎಂದರೆ ಸೆಲ್ಲಿನ ರೇಡಿಯೋ. ಗಿರಾಕಿ ಬಂದವನು ದನಿ ಹೇಗಿದೆ ಎಂದು ಕೇಳುವುದಕ್ಕಿಂತ ಮುಂಚೆ ಸೆಲ್ಲು ಎಷ್ಟು ತಿನ್ನುತ್ತದೆ ಎಂದು ಕೇಳುತ್ತಾನೆ. ಓಬಳೇಶನ ಕೈಗೆ ಬಂದ ರೇಡಿಯೋ ಸೆಲ್ಲು ಕಡಿಮೆ ತಿನ್ನುತ್ತದೆ ಎಂದು ನಾಲ್ಕೂರಲ್ಲಿ ಹೆಸರಿತ್ತು. ಅಲ್ಲೊಂದು ಕಿತ್ತು, ಇಲ್ಲೊಂದು ಬದಲಿಸಿ ಉಳಿತಾಯ ಮಾಡುತ್ತಿದ್ದ. ಆ ಅಭ್ಯಾಸವೇ ಹೆಂಡತಿಯ ಪೆಟ್ಟಿಗೆಯಲ್ಲೂ ಕೈಗೆ ಬಂತು.

“ಇದರಿಂದಲೇ ಆಯಿತಾ ಮೇಷ್ಟ್ರೇ?” ಎಂದು ಕೇಳಿದ.

“ಕೂತುಕೋ,” ಎಂದರು ಮೇಷ್ಟ್ರು. “ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ.”

ಓಬಳೇಶ ಗೋಣಿಚೀಲದ ಮೇಲೆ ಕೂತ. ಮೇಷ್ಟ್ರು ಕಾವು ಆರಿದ ಬೆಸುಗೆ ಕಡ್ಡಿಯನ್ನು ಮತ್ತೆ ಕಾಯಲು ಇಟ್ಟು ಕತೆ ಶುರು ಮಾಡಿದರು.

ಒಂದು ಊರಿತ್ತು. ಊರಿನ ಮೇಲ್ಗಡೆ ಒಂದು ಕೆರೆ. ಕೆರೆಗೆ ಒಂದು ತೂಬು. ತೂಬಿನ ಬಾಯಿಗೆ ಮರದ ಬಿರಡೆ. ಬಿರಡೆಗೆ ಒಂದು ಉದ್ದನೆಯ ಗಳ ಕಟ್ಟಿತ್ತು, ಅದರ ತುದಿ ನೀರಿನ ಮೇಲೆ ಕಾಣುತ್ತಿತ್ತು. ಗಳ ಎತ್ತಿದರೆ ಬಿರಡೆ ಏಳುತ್ತದೆ, ಕೆರೆಯ ನೀರು ಕಾಲುವೆಗೆ ಇಳಿಯುತ್ತದೆ. ಗಳ ಇಳಿಸಿದರೆ ನಿಲ್ಲುತ್ತದೆ. ಈ ಕೆಲಸಕ್ಕೆ ಊರವರು ಒಬ್ಬ ನೀರುಗಂಟಿಯನ್ನು ಇಟ್ಟಿದ್ದರು.

ನೀರುಗಂಟಿ ಕಡ್ಡಿಯಂಥ ಮನುಷ್ಯ. ಒಂದು ಕೈಯಲ್ಲಿ ಗಳವನ್ನು ಮೆಲ್ಲಗೆ ಎತ್ತುತ್ತಿದ್ದ, ಕಾಲುವೆ ತುಂಬಿ ಹರಿಯುತ್ತಿತ್ತು. ನೋಡಿದವರು, ಏನು ಬಲ ಇವನದು ಎನ್ನುತ್ತಿದ್ದರು. ಅವನ ಬಲ ಎಲ್ಲಿಂದ ಬಂತು? ಹರಿಯುವ ಬಲ ಕೆರೆಯದು. ಅವನು ಕೊಡುತ್ತಿದ್ದದ್ದು ದಾರಿ ಮಾತ್ರ. ಅವನ ಕೈ ಸ್ವಲ್ಪ ಎದ್ದರೆ ನೀರು ಬಹಳ ಏಳುತ್ತಿತ್ತು, ಸ್ವಲ್ಪ ಇಳಿದರೆ ಬಹಳ ಇಳಿಯುತ್ತಿತ್ತು. ಕೈ ಹೇಗೆ ಆಡಿತೋ ಕಾಲುವೆ ಹಾಗೇ ಆಡುತ್ತಿತ್ತು. ಟ್ರಾನ್ಸಿಸ್ಟರ್ ಮಾಡುವುದೂ ಇಷ್ಟೇ ಕಣೋ. ಸಣ್ಣ ಕರೆಂಟು ಬಿರಡೆ ಎತ್ತುತ್ತದೆ, ದೊಡ್ಡ ಕರೆಂಟು ಸೆಲ್ಲಿನಿಂದ ಬರುತ್ತದೆ. ಇದನ್ನು ನಿನಗೆ ಮೊದಲ ದಿನವೇ ಹೇಳಿಕೊಟ್ಟಿದ್ದೆ.

ಆ ನೀರುಗಂಟಿಗೆ ಒಂದು ಪದ್ಧತಿ ಇತ್ತು. ಬಿರಡೆಯನ್ನು ಅವನು ಎಂದೂ ಪೂರ್ತಿ ಕೂರಿಸುತ್ತಿರಲಿಲ್ಲ. ಯಾರಿಗೂ ನೀರು ಬೇಡದ ದಿನವೂ ಬೆರಳು ತೂರುವಷ್ಟು ಸಂದು ಬಿಟ್ಟಿರುತ್ತಿದ್ದ. ಹಗಲೂ ರಾತ್ರಿ ಕಾಲುವೆಯಲ್ಲಿ ಒಂದು ಎಳೆ ನೀರು ಹರಿಯುತ್ತಿತ್ತು. ಅವನ ಅಪ್ಪ ಹಾಗೆ ಮಾಡುತ್ತಿದ್ದ, ಇವನೂ ಮಾಡುತ್ತಿದ್ದ.

ಊರ ಯಜಮಾನ ಅದನ್ನು ನೋಡಿದ. ಯಜಮಾನ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಈ ಕತೆ ಹೇಳುವ ಅಗತ್ಯವೇ ಇರಲಿಲ್ಲ. ಕೆರೆಯ ಮೇಲೆ ಅವನಿಗೆ ಪ್ರಾಣ. ಏರಿ ಒಡೆದಾಗ ಎಲ್ಲರಿಗಿಂತ ಮೊದಲು ಮಣ್ಣು ಹೊತ್ತವನು ಅವನೇ. ದಿನಾ ಸಂಜೆ ಏರಿಯ ಮೇಲೆ ಕೂತು ನೀರು ನೋಡಿದರೆ ಅವನಿಗೆ ಹೊಟ್ಟೆ ತುಂಬಿದಷ್ಟು ತೃಪ್ತಿ. ಅಂಥವನ ಕಣ್ಣಿಗೆ ಕಾಲುವೆಯ ಆ ಎಳೆ ಬಿತ್ತು.

“ಯಾರಿಗೂ ಬೇಡದ ಹೊತ್ತಿನಲ್ಲಿ ನೀರು ಯಾಕೆ ಪೋಲಾಗುತ್ತಿದೆ?” ಎಂದು ನೀರುಗಂಟಿಯನ್ನು ಕೇಳಿದ.

“ಪೋಲಲ್ಲ ಯಜಮಾನರೇ. ಒಂದಿಷ್ಟು ಹರಿಯುತ್ತಿದ್ದರೆ ಬಿರಡೆ ಸಡಿಲವಾಗಿರುತ್ತದೆ. ಮೆಲ್ಲಗೆ ಮುಟ್ಟಿದರೂ ಏಳುತ್ತದೆ. ಪೂರ್ತಿ ಕೂತರೆ ಕೆರೆಯ ಭಾರವೆಲ್ಲ ಅದರ ತಲೆಯ ಮೇಲೆ. ಸುತ್ತ ಹೂಳು ಬಿಗಿಯುತ್ತದೆ. ಆಮೇಲೆ ಮೆಲ್ಲಗೆ ಮುಟ್ಟಿದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ.”

ಯಜಮಾನ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ತಾನೇ ಗಳ ಹಿಡಿದು, ಅದರ ಮೇಲೆ ಮೈ ಭಾರ ಬಿಟ್ಟು, ಬಿರಡೆ ಕೂರಿಸಿದ. ಕಾಲುವೆಯ ಎಳೆ ನಿಂತಿತು. ನೀರುಗಂಟಿ ನಿಂತು ನೋಡಿದ. ತೂಬು ಮುಚ್ಚಿದ ಮೇಲೆ ಅವನಿಗೇನು ಕೆಲಸ? ಮಗಳ ಊರಿಗೆ ಹೊರಟುಹೋದ.

ಮಳೆ ಬಂತು, ಕೆರೆ ತುಂಬಿತು. ಕೆಂಪು ನೀರು ಬಂದು ಹೂಳು ಕೆಳಗಿಳಿಯಿತು. ಯಜಮಾನ ಸಂಜೆ ಸಂಜೆ ಏರಿಯ ಮೇಲೆ ಕೂತು ನೋಡಿದ. ಅವನ ಹೆಂಡತಿ, “ಹಿತ್ತಿಲ ಕಾಲುವೆ ಒಣಗಿ ನಿಂತಿದೆ, ಒಂಚೂರು ನೀರು ಬಿಡಿಸಿ” ಎಂದಳು. “ಇರಲಿ ಬಿಡು, ಬೇಸಿಗೆಗೆ ಬೇಕಾಗುತ್ತದೆ” ಎಂದ ಅವನು. ಅವಳು ಎರಡನೇ ಸಲ ಕೇಳಲಿಲ್ಲ.

ಇಲ್ಲಿಗೆ ಬಂದಾಗ ಓಬಳೇಶ ತಲೆ ಎತ್ತಿದ. ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಬೆಸುಗೆ ಕಡ್ಡಿಯ ತುದಿ ನೋಡುತ್ತಿದ್ದರು.

ಬೇಸಿಗೆ ಬಂತು. ಒಂದು ಮಧ್ಯಾಹ್ನ ಯಾರದೋ ಒಲೆಯ ಕಿಡಿ ಸೋಗೆಯ ಸೂರಿಗೆ ಹಾರಿತು. ಗಾಳಿ ಇತ್ತು. ಆ ಊರಲ್ಲಿ ಎಲ್ಲರ ಮನೆಯೂ ಸೋಗೆಯದೇ, ಯಜಮಾನನದೂ ಸೋಗೆಯದೇ. ಗಂಡಸರು ಹೊಲದಲ್ಲಿದ್ದರು. ಹೆಂಗಸರು ಬಿಂದಿಗೆ ಹಿಡಿದು ಹಿತ್ತಿಲ ಕಾಲುವೆಗೆ ಓಡಿದರು. ಕಾಲುವೆಯಲ್ಲಿ ಧೂಳಿತ್ತು.

ಯಜಮಾನ ಏರಿಯ ಮೇಲಿದ್ದ. ಹೊಗೆ ಕಂಡಿತು, ಹೊಗೆ ತನ್ನ ಮನೆಯ ಕಡೆ ಹೊರಳಿದ್ದೂ ಕಂಡಿತು. ಮನೆಯೊಳಗೆ ಹೆಂಡತಿ ಜ್ವರ ಬಂದು ಮಲಗಿದ್ದಳು. ಓಡಿ ಗಳಕ್ಕೆ ಕೈ ಹಾಕಿದ. ನೀರುಗಂಟಿ ಒಂದು ಕೈಯಲ್ಲಿ ಎತ್ತುತ್ತಿದ್ದ ಗಳ. ಅವನು ಎರಡು ಕೈಯಲ್ಲಿ ಎತ್ತಿದ, ಏಳಲಿಲ್ಲ. ತಬ್ಬಿಕೊಂಡು ಎಳೆದ, ಏಳಲಿಲ್ಲ. ಭುಜ ಕೊಟ್ಟು ನೂಕಿದ. ಅಂಗೈ ಕಿತ್ತು ರಕ್ತ ಬಂತು. ಅವನ ಬಲವೆಲ್ಲ ಗಳಕ್ಕೆ ಹೋಯಿತು, ಬಿರಡೆಗೆ ಅದು ಮುಟ್ಟಲೇ ಇಲ್ಲ. ಕೆರೆ ತುಂಬಿತ್ತು. ಊರು ಉರಿಯುತ್ತಿತ್ತು. ಎರಡರ ನಡುವೆ ಇದ್ದದ್ದು ಒಂದು ಅಂಗೈ ಅಗಲದ ಮರದ ತುಂಡು.

ಹೊಲದಿಂದ ಗಂಡಸರು ಬಂದರು. ಗಳಕ್ಕೆ ಹಗ್ಗ ಕಟ್ಟಿ ಎಲ್ಲರೂ ಸೇರಿ ಜಗ್ಗಿದರು. ಆಗ ಬಿರಡೆ ಎದ್ದಿತು. ಮೆಲ್ಲಗೆ ಏಳಲಿಲ್ಲ, ಒಮ್ಮೆಲೇ ಕಿತ್ತುಕೊಂಡು ಬಂತು. ಮೆಲ್ಲನೆಯ ಕೈಗೆ ಜಗ್ಗದೆ ಇದ್ದದ್ದು ಹಾಗೆಯೇ ಬರುವುದು, ಬಂದರೆ ಎಲ್ಲ, ಇಲ್ಲದಿದ್ದರೆ ಏನೂ ಇಲ್ಲ. ನೀರು ಕಾಲುವೆ ತುಂಬಿ, ದಂಡೆ ಮೀರಿ, ಮನೆಗಳೊಳಗೆ ನುಗ್ಗಿತು. ನುಗ್ಗಿದಾಗ ಅಲ್ಲಿ ಬೂದಿ ಇತ್ತು. ಬೂದಿ ತೇಲಿತು. ಯಜಮಾನನ ಹೆಂಡತಿ ಬದುಕಿರಲಿಲ್ಲ.

ಸುದ್ದಿ ಕೇಳಿ ನೀರುಗಂಟಿ ಬಂದ. ಯಜಮಾನ ಏರಿಯ ಮೇಲೆ ಎಂದಿನ ಜಾಗದಲ್ಲೇ ಕೂತಿದ್ದ. ನೀರುಗಂಟಿ ಪಕ್ಕದಲ್ಲಿ ನಿಂತ. ಯಜಮಾನ ತಲೆ ಎತ್ತಲಿಲ್ಲ.

“ಬೆಂಕಿ ಬೀಳುವ ಹೊತ್ತಿಗೆ,” ಎಂದ, “ಕೆರೆಯಲ್ಲಿ ಒಂದು ಹನಿಯೂ ಪೋಲಾಗಿರಲಿಲ್ಲ.”

ಮೇಷ್ಟ್ರು ಕತೆ ನಿಲ್ಲಿಸಿದರು. ಮುಂದೆ ಇನ್ನೇನಾದರೂ ಇದೆಯೇ ಎಂದು ಓಬಳೇಶ ಕಾದ. ಇರಲಿಲ್ಲ.

ಬೆಸುಗೆ ಕಡ್ಡಿ ಕಾದಿತ್ತು. ಮೇಷ್ಟ್ರು ಡಬ್ಬಿಯಲ್ಲಿ ತಡಕಾಡಿ ಒಂದು ರೆಸಿಸ್ಟರ್ ಆರಿಸಿದರು. ಅಕ್ಕಿಕಾಳಿಗಿಂತ ಸ್ವಲ್ಪ ಉದ್ದ, ಅಷ್ಟೆ. ಓಬಳೇಶ ಕಿತ್ತುಹಾಕಿದ್ದ ಜಾಗದಲ್ಲಿ ಅದನ್ನು ಕೂರಿಸಿ ಬೆಸೆದರು. ಹೊಗೆ ಒಂದು ಎಳೆ ಎದ್ದು ಹೋಯಿತು. ಸೆಲ್ಲು ಹಾಕಿದರು, ಸ್ವಿಚ್ ಒತ್ತಿದರು.

ಪೆಟ್ಟಿಗೆ ಸುಯ್ ಎಂದು ಸಣ್ಣಗೆ ಉಸಿರಾಡಲು ಶುರುಮಾಡಿತು. ಯಾರೂ ಮಾತಾಡಿರಲಿಲ್ಲ. ಮೊದಲಾಗಿದ್ದರೆ ಈ ಸುಯ್ ಕೇಳಿ ಓಬಳೇಶನ ಕೈ ತುರಿಸುತ್ತಿತ್ತು, ಎಲ್ಲಿ ಸೋರುತ್ತಿದೆ ಎಂದು ಹುಡುಕಿ ಮುಚ್ಚುತ್ತಿದ್ದ. ಈಗ ಕೂತಲ್ಲೇ ಕೂತು ಕೇಳಿದ.

“ಈ ಸುಯ್ ಅನ್ನುವುದು ದಂಡ ಅಲ್ಲ,” ಎಂದರು ಮೇಷ್ಟ್ರು. “ಈ ರೆಸಿಸ್ಟರು ಒಂದು ಎಳೆ ಕರೆಂಟು ಬಿಟ್ಟು ಬಿರಡೆಯನ್ನು ಸಡಿಲ ಇಟ್ಟಿದೆ ಅಂತ ಅರ್ಥ. ಯಾರಾದರೂ ಮಾತಾಡಿಯಾರು ಅಂತ ಅದು ಕಾಯುತ್ತಿದೆ.”

ಆಮೇಲೆ ಮೈಕಿನ ಹತ್ತಿರ ಬಾಯಿ ತಂದು, ದನಿ ತೆಗೆಯದೆ, ಬರೀ ಉಸಿರಲ್ಲಿ, ಶಿಷ್ಯನ ಹೆಸರು ಹೇಳಿದರು. ಪೆಟ್ಟಿಗೆ ಅದನ್ನು ಎತ್ತಿಕೊಂಡು ಶೆಡ್ಡಿಗೆಲ್ಲ ಕೇಳುವ ಹಾಗೆ “ಓಬಳೇಶ” ಎಂದಿತು. ಒಂದು ಅಕ್ಷರವೂ ಮುಕ್ಕಾಗಿರಲಿಲ್ಲ.

ಓಬಳೇಶನಿಗೆ ಅಳು ಒಮ್ಮೆಲೇ ಕಿತ್ತುಕೊಂಡು ಬಂತು. ಮಂಡಿಗೆ ಹಣೆ ಹಚ್ಚಿ ಅತ್ತ. ಹೊನ್ನೂರಮ್ಮ ತುಟಿ ತಾಗಿಸಿದ್ದ ಮೈಕು ಅದೇ. ಅವಳು ಹೇಳಿದ್ದೂ ಹೀಗೇ ಉಸಿರಲ್ಲಿ. ಈ ಒಂದು ಚೂರು ಇದ್ದಿದ್ದರೆ ಅವತ್ತು ಮನೆಯೆಲ್ಲ ಅವಳ ಮಾತು ತುಂಬುತ್ತಿತ್ತು. ಬೈಗುಳವಾಗಿರಬಹುದು, ಹಾಗೆ ಮಾಡು ಹೀಗೆ ಮಾಡು ಎಂಬ ಬುದ್ಧಿಮಾತಾಗಿರಬಹುದು, ಸಾಯುವುದಕ್ಕೆ ಹೆದರಿಕೆ ಆಗುತ್ತಿದೆ ಎಂದಿರಬಹುದು. ಏನಾಗಿದ್ದರೂ ಅವನಿಗೆ ಸಾಕಿತ್ತು. ಇನ್ನು ಅದು ಈ ಭೂಮಿಯ ಮೇಲೆ ಎಲ್ಲೂ ಇಲ್ಲ. ಅವಳ ಒಳಗೆ ಇದೆಯೋ, ಅವಳೂ ಅದನ್ನು ಕೈಬೀಸಿ ಓಡಿಸಿಬಿಟ್ಟಳೋ, ಅದೂ ಅವನಿಗೆ ತಿಳಿಯುವಂತಿಲ್ಲ.

ಮೇಷ್ಟ್ರು ಸಮಾಧಾನ ಮಾಡಲಿಲ್ಲ. ಸಮಾಧಾನ ಮಾಡುವುದು ಅವರಿಗೆ ಬರುತ್ತಲೂ ಇರಲಿಲ್ಲ. ಅವನು ಅತ್ತು ಮುಗಿಸುವವರೆಗೆ ಸ್ಕ್ರೂಗಳನ್ನು ಒಂದೊಂದಾಗಿ ಬಿಗಿದು ಪೆಟ್ಟಿಗೆ ಮುಚ್ಚಿದರು. ಸ್ವಿಚ್ ಮಾತ್ರ ಆರಿಸಲಿಲ್ಲ.

ಓಬಳೇಶ ಪಂಚೆಯಲ್ಲಿ ಮುಖ ಒರೆಸಿಕೊಂಡ.

“ಇಷ್ಟು ಸಣ್ಣ ರೆಸಿಸ್ಟರಿಗಾಗಿ ಅವಳ ಮಾತು ಹೋಯಿತಲ್ಲ ಮೇಷ್ಟ್ರೇ,” ಎಂದ.

ಮೇಷ್ಟ್ರು ಪೆಟ್ಟಿಗೆಯನ್ನು ಅವನ ಕಡೆ ಸರಿಸಿದರು.

“ಪೆಟ್ಟಿಗೆಗೆ ರೆಸಿಸ್ಟರ್ ಇರಲಿಲ್ಲ, ಸರಿ, ಅವಳು ಅಂಗಿ ಹಿಡಿದು ಎಳೆದಾಗ ನಿನ್ನ ಕಿವಿಗೆ ಏನು ಇರಲಿಲ್ಲ ಓಬಳೇಶ?”